ಉಕ್ಕನ್ನು ಉರಿಸಿ ಕೊಯ್ಯುವ ಜ್ವಾಲೆ

ಕೊಡಗಿನ ಮಳೆಗಾಲದ ಉಗ್ರತೆಯನ್ನು ವಾಚಕರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆ, ತೋಟ, ಗದ್ದೆಗಳ ಮೇಲೆ ಬಿದ್ದುವು. ಮಡಿಕೇರಿಯಿಂದ ಸಂಪಾಜೆಯ ಘಟ್ಟವನ್ನಿಳಿದು ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಂಚಾರ ಕಡಿದುಹೋಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿಯ ಇಳಿಜಾರು ಕುಸಿಯಿತು. ಇಂಥ ವೇಳೆಯಲ್ಲಿ ದಾರಿಯನ್ನು ಬಿಡಿಸಿಕೊಡುವವು ಮಣ್ಣು ಅಗೆಯುವ ಭಾರಿ ಯಂತ್ರಗಳು. ತಯಾರಕರು ಯಾರೇ ಆಗಿರಲಿ, ಟೈರುಗಳ ಮೇಲೆ ಓಡುವ ಯಂತ್ರಕ್ಕೆ ನಮ್ಮ ಜನ ‘ಜೆ.ಸಿ.ಬಿ.’ ಎಂದೂ, ಉಕ್ಕಿನ ಚೈನಿನ ಮೇಲೆ ತೆವಳುವ ಯಂತ್ರಕ್ಕೆ ‘ಹಿಟಾಚಿ’ ಎಂದೂ ಹೆಸರಿಟ್ಟಿದ್ದಾರೆ.

ಇಂಥ ಯಂತ್ರವೊಂದು ಕುಸಿದ ಗುಡ್ಡದ ಬುಡದಲ್ಲಿ ಕೆಲಸ ಮಾಡುತ್ತಿರುವಾಗಲೇ ಕೆಟ್ಟು ನಿಂತಿತೆಂದು ಭಾವಿಸೋಣ. ಅದರ ತೂಕ ಸುಮಾರು 20 ಟನ್. ಕೊಡಗಿಗೆ ರೈಲುಮಾರ್ಗವಿಲ್ಲ, ಯಂತ್ರವನ್ನು ಸಾಗಿಸಬೇಕಾದರೆ ತಗ್ಗಿನ ಹಾಸುಳ್ಳ ದೊಡ್ಡ ಲಾರಿಯೇ ಬರಬೇಕು. ಆ ಲಾರಿ ಬರಬೇಕಾದ ದಾರಿಯನ್ನು ತೆರೆಯಲೆಂದೇ ಯಂತ್ರ ಅಲ್ಲಿ ನಿಂತಿರುವುದು! ಯಂತ್ರ ಕಾರ್ಖಾನೆಗೆ ಹೋಗಲಾರದು. ಆದುದರಿಂದ ಕಾರ್ಖಾನೆಯೇ ಯಂತ್ರದ ಬಳಿಗೆ ಹೋಗಬೇಕು. ಹಾಗೆ ಹೋಗುವ ಚಿಕ್ಕ ಕಾರ್ಖಾನೆ ಒಂದು ಜೀಪಿನ ಹಿಂಭಾಗದಲ್ಲಿ ಹಿಡಿಯುತ್ತದೆ: ಎರಡು ಸಿಲಿಂಡರುಗಳು, ಎರಡು ರಬ್ಬರ್ ಕೊಳವೆಗಳು, ಮೊಳದುದ್ದದ ಒಂದು ಹಿತ್ತಾಳೆಯ ಉಪಕರಣ. ಇದನ್ನೇ ‘ಗ್ಯಾಸ್ ಕಟರ್’ ಎನ್ನುತ್ತಾರೆ.

ಗರಗಸಕ್ಕೆ ಗಂಟೆಗಟ್ಟಲೆ ಹಿಡಿಯುವ ದಪ್ಪ ಉಕ್ಕನ್ನು ಈ ಉಪಕರಣ ಕೆಲವೇ ನಿಮಿಷಗಳಲ್ಲಿ ಸೀಳುತ್ತದೆ. ಅದು ಹೇಗೆ? ‘ಬಿಸಿ ಜ್ವಾಲೆ ಉಕ್ಕನ್ನು ಕರಗಿಸುತ್ತದೆ’ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರ ಸರಿಯಲ್ಲ. ಇಲ್ಲಿ ಉಕ್ಕು ಕರಗುವುದಕ್ಕಿಂತ ಮುಖ್ಯವಾಗಿ ಉರಿಯುತ್ತದೆ. ಒಲೆಯಲ್ಲಿ ಸೌದೆ ಹೇಗೋ ಇಲ್ಲಿ ಉಕ್ಕು ಹಾಗೆ, ಅದೇ ಇಂಧನ. ಈ ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸಿದರೆ, ಯಾವುದನ್ನು ಕೊಯ್ಯಬಹುದು, ಯಾವುದನ್ನು ಕೊಯ್ಯಲಾಗದು, ಯಾವುದಕ್ಕೆ ಜ್ವಾಲೆಯನ್ನು ತೋರಿಸಲೇಬಾರದು ಎಂಬ ಪ್ರಶ್ನೆಗಳಿಗೆಲ್ಲ ದಾರಿ ತೆರೆಯುತ್ತದೆ.

ಕಬ್ಬಿಣವೂ ಉರಿಯುತ್ತದೆ

ಕಬ್ಬಿಣ ಉರಿಯುತ್ತದೆಂದರೆ ವಿಚಿತ್ರವೆನಿಸಬಹುದು. ಆದರೆ ಕಬ್ಬಿಣವು ಆಮ್ಲಜನಕದೊಡನೆ ಕೂಡುವುದನ್ನು ನಾವು ದಿನವೂ ಕಾಣುತ್ತೇವೆ. ಮಳೆಯಲ್ಲಿ ಬಿಟ್ಟ ಗುದ್ದಲಿಗೆ ತುಕ್ಕು ಹಿಡಿಯುವುದು ನೀರಿನ ನೆರವಿನಿಂದ ಅತಿ ನಿಧಾನವಾಗಿ ನಡೆಯುವ ಇಂಥದೇ ಕೂಡಿಕೆ. ಕಮ್ಮಾರನು ಕುಲುಮೆಯಿಂದ ತೆಗೆದ ಕೆಂಪು ಕಬ್ಬಿಣವನ್ನು ಬಡಿಯುವಾಗ ಅಡಿಗಲ್ಲಿನ ಸುತ್ತ ಉದುರುವ ಕರಿಯ ಚಕ್ಕೆಗಳು ಅದೇ ಕೂಡಿಕೆ ತುಸು ವೇಗವಾಗಿ ನಡೆದುದರ ಗುರುತು. ಕೊಡಗಿನ ಗುಡ್ಡಗಳ ಮಣ್ಣಿಗೆ ಕೆಂಪು ಬಣ್ಣವನ್ನು ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡುಗಳೇ.

ಶಾಲೆಯ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರು ತೋರಿಸುವ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬಹುದು. ಸಣ್ಣ ಕಬ್ಬಿಣದ ತಂತಿಯ ತುದಿಯನ್ನು ಕೆಂಪಗೆ ಕಾಯಿಸಿ, ಆಮ್ಲಜನಕ ತುಂಬಿದ ಜಾಡಿಯೊಳಕ್ಕೆ ಇಳಿಸಿದರೆ ತಂತಿ ಕಿಡಿಗಳನ್ನು ಚಿಮ್ಮುತ್ತ ಉರಿಯತೊಡಗುತ್ತದೆ. ಜಾಡಿಯ ತಳಕ್ಕೆ ಮರಳನ್ನು ಹಾಕಿರದಿದ್ದರೆ ಉದುರುವ ಬಿಸಿ ಗುಳಿಗೆಗಳಿಂದ ಗಾಜು ಬಿರಿಯುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಲಾವಾಸಿಯೇ ಕಬ್ಬಿಣವನ್ನು ಹೀಗೆ ಉರಿಸಿ, ಉರಿದ ಮೇಲೆ ಅದರ ತೂಕ ಹೆಚ್ಚಿರುವುದನ್ನು ತೋರಿಸಿದನು. ಹೆಚ್ಚಿದ ತೂಕ ಕಬ್ಬಿಣವನ್ನು ಸೇರಿದ ಆಮ್ಲಜನಕದ್ದು.

ಹಾಗಾದರೆ ಮನೆಯ ಕಬ್ಬಿಣದ ಬಾಣಲೆ ಒಲೆಯ ಮೇಲೆ ಏಕೆ ಹೊತ್ತಿಕೊಳ್ಳುವುದಿಲ್ಲ? ಕಾರಣಗಳು ಎರಡು. ದಪ್ಪ ಉಕ್ಕು ಆಮ್ಲಜನಕದಲ್ಲಿ ಹೊತ್ತಿಕೊಳ್ಳಬೇಕಾದರೆ ಅದರ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲಪಬೇಕು. ಒಲೆಯ ಮೇಲೆ ಅಡುಗೆಯ ಪಾತ್ರೆ ಅಷ್ಟು ಕಾಯುವುದಿಲ್ಲ. ಕಾದರೂ, ಗಾಳಿಯಲ್ಲಿ ಆಮ್ಲಜನಕ ಐದನೆಯ ಒಂದು ಪಾಲು ಮಾತ್ರ. ಉಳಿದುದು ಬಹುಮಟ್ಟಿಗೆ ಸಾರಜನಕ. ಅದು ಉರಿಯಲು ನೆರವಾಗದೆ, ಹುಟ್ಟಿದ ಶಾಖವನ್ನು ಮಾತ್ರ ಹೊತ್ತುಕೊಂಡು ಹೋಗುತ್ತದೆ. ಸಾಕಷ್ಟು ಬಿಸಿ, ಸಾಕಷ್ಟು ಶುದ್ಧ ಆಮ್ಲಜನಕ, ಇವೆರಡೂ ಒಂದೇ ಜಾಗದಲ್ಲಿ ಸೇರಿದಾಗ ಉಕ್ಕಿಗೆ ಬೆಂಕಿ ಹತ್ತುತ್ತದೆ. ಗ್ಯಾಸ್ ಕಟರಿನ ಕೆಲಸ ಇವೆರಡನ್ನೂ ಸೇರಿಸುವುದಷ್ಟೆ.

ಒಂದು ಚಿಕ್ಕ ಲೆಕ್ಕ

ಹೊತ್ತಿಕೊಂಡ ಕಬ್ಬಿಣ ಎಷ್ಟು ಶಾಖವನ್ನು ಕೊಡುತ್ತದೆ? ಒಂದು ಕಿಲೋಗ್ರಾಂ ಕಬ್ಬಿಣ ಉರಿದು ಕರಿಯ ಆಕ್ಸೈಡ್ ಆಗುವಾಗ ಸುಮಾರು 6,700 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಅದೇ ಒಂದು ಕಿಲೋಗ್ರಾಂ ಕಬ್ಬಿಣವನ್ನು ಕೋಣೆಯ ಉಷ್ಣತೆಯಿಂದ 1,538 ಡಿಗ್ರಿಗೆ ಕಾಯಿಸಿ ಪೂರ್ಣವಾಗಿ ಕರಗಿಸಲು ಬೇಕಾಗುವುದು ಸುಮಾರು 1,300 ಕಿಲೋಜೂಲ್. ಎಂದರೆ, ಉರಿಯುವ ಕಬ್ಬಿಣವು ತನ್ನಷ್ಟೇ ತೂಕದ ಕಬ್ಬಿಣವನ್ನು ಕರಗಿಸಲು ಬೇಕಾದುದರ ಐದು ಪಾಲು ಶಾಖವನ್ನು ತಾನೇ ಹುಟ್ಟಿಸುತ್ತದೆ! ಒಮ್ಮೆ ಹೊತ್ತಿದ ಮೇಲೆ ಕೊಯ್ತ ಅಷ್ಟು ಸರಾಗವಾಗಿ ಮುಂದುವರಿಯುವುದರ ಗುಟ್ಟು ಇದೇ.

ಈ ಶಾಖ ಎಲ್ಲಿಂದ ಬಂತೆಂಬುದೂ ವಿಚಾರಾರ್ಹ. 1923ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆಯನ್ನು ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನೊಡನೆ ಕುಲುಮೆಗೆ ಹಾಕುತ್ತಿದ್ದರು. ಅದಿರೆಂದರೆ ಕಬ್ಬಿಣದ ಆಕ್ಸೈಡ್. ಇದ್ದಿಲು ಅದರ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತಿತ್ತು. ಹಾಗೆ ಬಿಡಿಸಲು ತೆತ್ತ ಶಕ್ತಿ ಕಳೆದುಹೋಗುವುದಿಲ್ಲ. ಕಟರಿನ ಜ್ವಾಲೆಯ ಮುಂದೆ ಕಬ್ಬಿಣ ಮತ್ತೆ ಆಮ್ಲಜನಕವನ್ನು ಕೂಡಿ, ಅದಿರಿನ ಸ್ಥಿತಿಗೆ ಮರಳುವಾಗ ಆ ಶಕ್ತಿಯನ್ನು ಶಾಖದ ರೂಪದಲ್ಲಿ ಹಿಂದಿರುಗಿಸುತ್ತದೆ. ಕುಲುಮೆ ಮಾಡಿದುದನ್ನು ಕಟರು ಬಿಚ್ಚುತ್ತದೆ.

ಉಪಕರಣದ ರಚನೆ

ಕಟರಿನ ಮೂತಿಯನ್ನು ಎದುರಿನಿಂದ ನೋಡಿದರೆ ನಡುವೆ ಒಂದು ರಂಧ್ರವೂ ಅದರ ಸುತ್ತ ಉಂಗುರದಂತೆ ಕೆಲವು ಸಣ್ಣ ರಂಧ್ರಗಳೂ ಕಾಣುತ್ತವೆ. ಸುತ್ತಿನ ರಂಧ್ರಗಳಿಂದ ಇಂಧನಾನಿಲ ಮತ್ತು ಆಮ್ಲಜನಕಗಳ ಮಿಶ್ರಣ ಹೊರಟು ಸಣ್ಣ ಸಣ್ಣ ನೀಲಿ ಜ್ವಾಲೆಗಳಾಗಿ ಉರಿಯುತ್ತದೆ. ಕೆಲಸಗಾರನು ಈ ಜ್ವಾಲೆಗಳನ್ನು ಉಕ್ಕಿನ ಅಂಚಿಗೆ ಹಿಡಿಯುತ್ತಾನೆ. ಅಂಚು ಮೊದಲು ಮಂಕು ಕೆಂಪಾಗಿ, ಬಳಿಕ ಹೊಳೆಯುವ ಕೆಂಪಾಗಿ ಕಿತ್ತಳೆಯ ಕಡೆಗೆ ತಿರುಗುತ್ತದೆ. ಆಗ ಅವನು ಒಂದು ಸನ್ನೆಯನ್ನು ಒತ್ತುತ್ತಾನೆ. ನಡುವಣ ರಂಧ್ರದಿಂದ ಶುದ್ಧ ಆಮ್ಲಜನಕದ ಧಾರೆ ಸದ್ದು ಮಾಡುತ್ತ ನುಗ್ಗುತ್ತದೆ. ಮರುಕ್ಷಣವೇ ಉಕ್ಕಿನ ಅಡಿಯಿಂದ ಕಿಡಿಗಳ ಮಳೆ ಸುರಿಯುತ್ತದೆ.

ಸುತ್ತಿನ ಜ್ವಾಲೆಗಳು ಕಡ್ಡಿ ಗೀರಿದಂತೆ. ನಡುವಣ ಧಾರೆ ತಿದಿಯಂತೆ. ಧಾರೆಯು ಉಕ್ಕನ್ನು ಉರಿಸುವುದಲ್ಲದೆ, ಹುಟ್ಟಿದ ದ್ರವರೂಪದ ಕಿಟ್ಟವನ್ನೂ, ಜೊತೆಯಲ್ಲೇ ಕರಗಿ ಉರಿಯದೆ ಉಳಿದ ಅಷ್ಟಿಷ್ಟು ಕಬ್ಬಿಣವನ್ನೂ ಕೆಳಕ್ಕೆ ಊದಿ ತೆಗೆಯುತ್ತದೆ. ಹೀಗೆ ಹೊಸ ಉಕ್ಕು ಸದಾ ಆಮ್ಲಜನಕಕ್ಕೆ ಎದುರಾಗುತ್ತಿರುತ್ತದೆ. 25 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ 2 ಮಿಲಿಮೀಟರ್ ಅಗಲದ ಸೀಳನ್ನು ಒಂದು ಮೀಟರ್ ಉದ್ದಕ್ಕೆ ಕೊಯ್ದರೆ ಕಳೆದುಹೋಗುವ ಉಕ್ಕು ಸುಮಾರು 400 ಗ್ರಾಂ ಮಾತ್ರ. ಅಷ್ಟನ್ನೂ ಉರಿಸಲು ಲೆಕ್ಕದ ಪ್ರಕಾರ 115 ಲೀಟರಿನಷ್ಟು ಆಮ್ಲಜನಕ ಸಾಕು. ಕೊಯ್ತದಲ್ಲಿ ವ್ಯರ್ಥವಾಗಿ ಹೋಗುವುದೂ ಕಾಯಿಸುವುದಕ್ಕೆ ತಗಲುವುದೂ ಸೇರಿ ಅದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತದೆ. ಆದರೂ 7 ಘನಮೀಟರ್ ಹಿಡಿಯುವ ಒಂದು ದೊಡ್ಡ ಸಿಲಿಂಡರಿನಿಂದ ಎಷ್ಟು ಕೆಲಸವಾದೀತೆಂಬ ಅಂದಾಜು ಇದರಿಂದ ದೊರೆಯುತ್ತದೆ.

ಆಮ್ಲಜನಕದ ಶುದ್ಧತೆ ಇಲ್ಲಿ ಬಹಳ ಮುಖ್ಯ. ಕೊಯ್ತಕ್ಕೆ ಬಳಸುವ ಆಮ್ಲಜನಕ ಶೇಕಡ 99.5ರಷ್ಟಾದರೂ ಶುದ್ಧವಾಗಿರಬೇಕು. ಒಂದೇ ಒಂದು ಅಂಶ ಕಡಮೆಯಾದರೂ ಕೊಯ್ಯುವ ವೇಗ ಗಣನೀಯವಾಗಿ ತಗ್ಗುತ್ತದೆ. ಶೇಕಡ 95ಕ್ಕಿಂತ ಇಳಿದರೆ ಕೊಯ್ತವೇ ನಿಂತು, ಉಕ್ಕು ಬರಿದೆ ಕರಗಿ ಹರಡಿಕೊಳ್ಳುತ್ತದೆ.

ಯಾವುದು ಕೊಯ್ಯಿಸಿಕೊಳ್ಳುವುದಿಲ್ಲ?

ಜ್ವಾಲೆಯ ಬಿಸಿಯೇ ಕೊಯ್ಯುವುದಾಗಿದ್ದರೆ, 660 ಡಿಗ್ರಿಯಲ್ಲೇ ಕರಗುವ ಅಲ್ಯೂಮಿನಿಯಮ್ಮನ್ನು ಕೊಯ್ಯುವುದು ಉಕ್ಕಿಗಿಂತ ಸುಲಭವಾಗಬೇಕಾಗಿತ್ತು. ವಾಸ್ತವದಲ್ಲಿ ಗ್ಯಾಸ್ ಕಟರು ಅಲ್ಯೂಮಿನಿಯಮ್ಮನ್ನು ಕೊಯ್ಯಲಾರದು. ಇದಕ್ಕೆ ಕಾರಣವೇನು?

ಲೋಹವೊಂದು ಈ ವಿಧಾನದಲ್ಲಿ ಕೊಯ್ಯಿಸಿಕೊಳ್ಳಬೇಕಾದರೆ ನಾಲ್ಕು ನಿಬಂಧನೆಗಳು ಕೂಡಿಬರಬೇಕು. ಮೊದಲನೆಯದಾಗಿ, ಲೋಹ ಕರಗುವುದಕ್ಕೆ ಮುಂಚೆಯೇ ಹೊತ್ತಿಕೊಳ್ಳಬೇಕು. ಎರಡನೆಯದಾಗಿ, ಉರಿದಾಗ ಹುಟ್ಟುವ ಆಕ್ಸೈಡ್ ಲೋಹಕ್ಕಿಂತ ಮೊದಲೋ ಹೆಚ್ಚು ಕಡಮೆ ಅದರೊಡನೆಯೋ ಕರಗಿ ಹರಿದುಹೋಗಬೇಕು. ಮೂರನೆಯದಾಗಿ, ಉರಿಯುವಾಗ ಸಾಕಷ್ಟು ಶಾಖ ಹುಟ್ಟಬೇಕು. ನಾಲ್ಕನೆಯದಾಗಿ, ಆ ಶಾಖವನ್ನು ಲೋಹ ಅತಿ ಬೇಗನೆ ಸುತ್ತಲೂ ಹಂಚಿಬಿಡಬಾರದು.

ಇಂಗಾಲ ಕಡಮೆಯಿರುವ ಸಾಮಾನ್ಯ ಉಕ್ಕಿನಲ್ಲಿ ಈ ನಾಲ್ಕೂ ಕೂಡಿಬರುತ್ತವೆ. ಅದು ಸುಮಾರು 900 ಡಿಗ್ರಿಯಲ್ಲಿ ಹೊತ್ತಿಕೊಳ್ಳುತ್ತದೆ, 1,500 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಅದರ ಆಕ್ಸೈಡುಗಳಲ್ಲಿ ಒಂದು 1,377 ಡಿಗ್ರಿಯಲ್ಲೇ ಕರಗುತ್ತದೆ. ಅಲ್ಯೂಮಿನಿಯಮ್ಮಿನ ಆಕ್ಸೈಡಾದರೋ ಕರಗಲು 2,072 ಡಿಗ್ರಿ ಬೇಕು. ಲೋಹ ಕರಗಿದರೂ ಆಕ್ಸೈಡಿನ ಪೊರೆ ಅದನ್ನು ಕವಚದಂತೆ ಕಾಯುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿರುವ ಕ್ರೋಮಿಯಮ್ಮಿನ ಆಕ್ಸೈಡ್ ಇನ್ನೂ ಮೊಂಡು. ಅದು 2,400 ಡಿಗ್ರಿಯನ್ನು ದಾಟಿದ ಮೇಲೆ ಕರಗುವಂಥದು. ತಾಮ್ರವು ಶಾಖವನ್ನು ಕಬ್ಬಿಣದ ಐದು ಪಾಲು ವೇಗದಿಂದ ಸಾಗಿಸಿಬಿಡುತ್ತದೆ. ಎರಕದ ಕಬ್ಬಿಣದಲ್ಲಿ ಇಂಗಾಲ ಹೆಚ್ಚಾಗಿರುವುದರಿಂದ ಅದು ಸುಮಾರು 1,150ರಿಂದ 1,200 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಅದರೊಳಗಿನ ಗ್ರಾಫೈಟ್ ಕೊಯ್ತಕ್ಕೆ ಅಡ್ಡಬರುತ್ತದೆ.

ಆದುದರಿಂದ ಒಂದೇ ಯಂತ್ರದ ಬೇರೆ ಬೇರೆ ಭಾಗಗಳು ಒಂದೇ ಜ್ವಾಲೆಗೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಬಕೆಟ್ಟಿನ ಹಲಗೆ, ತೋಳಿನ ಪಟ್ಟಿ, ಉಕ್ಕಿನ ಪಿನ್ನು, ಬೋಲ್ಟು ಇವು ಕೊಯ್ಯಿಸಿಕೊಳ್ಳುತ್ತವೆ. ಎರಕ ಹೊಯ್ದ ಎಂಜಿನ್ನಿನ ಒಡಲಿಗೆ ಜ್ವಾಲೆ ಹಿಡಿದರೆ ಕೊಯ್ತವೂ ಆಗದು, ಬಿರುಕೂ ಬಿಟ್ಟೀತು.

ಸಿಲಿಂಡರುಗಳಲ್ಲಿರುವುದೇನು?

ಆಮ್ಲಜನಕದ ಸಿಲಿಂಡರಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 150 ಪಾಲು. ಈ ಒತ್ತಡದ ಶುದ್ಧ ಆಮ್ಲಜನಕಕ್ಕೆ ಎಣ್ಣೆ ಅಥವಾ ಗ್ರೀಸು ತಗಲಿದರೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಮಣ್ಣು ಅಗೆಯುವ ಯಂತ್ರವಾದರೋ ಮೈಯೆಲ್ಲ ಗ್ರೀಸು ಮೆತ್ತಿಕೊಂಡದ್ದು! ಅದನ್ನು ಮುಟ್ಟಿದ ಕೈಯಿಂದಲೇ ಆಮ್ಲಜನಕದ ಕವಾಟವನ್ನು ಮುಟ್ಟುವುದು ಸಲ್ಲದು.

ಇಂಧನಕ್ಕಾಗಿ ಅಸಿಟಿಲೀನ್ ಅನಿಲವನ್ನಾಗಲಿ ಅಡುಗೆಗೆ ಬಳಸುವಂಥ ದ್ರವೀಕೃತ ಪೆಟ್ರೋಲಿಯಂ ಅನಿಲವನ್ನಾಗಲಿ ಉಪಯೋಗಿಸುತ್ತಾರೆ. ಆಮ್ಲಜನಕದೊಡನೆ ಅಸಿಟಿಲೀನಿನ ಜ್ವಾಲೆ 3,100 ಡಿಗ್ರಿಯನ್ನೂ, ಎರಡನೆಯದರ ಜ್ವಾಲೆ ಸುಮಾರು 2,800 ಡಿಗ್ರಿಯನ್ನೂ ಮುಟ್ಟುತ್ತದೆ. ಉಕ್ಕು ಹೊತ್ತಲು ಬೇಕಾದುದು 900 ಡಿಗ್ರಿ ಮಾತ್ರವಾದುದರಿಂದ ಎರಡೂ ಸಾಕು; ಎರಡನೆಯದರಲ್ಲಿ ಅಂಚು ಕಾಯಲು ಹೆಚ್ಚು ಹೊತ್ತು ಬೇಕು, ಅಷ್ಟೆ.

ಅಸಿಟಿಲೀನ್ ವಿಚಿತ್ರ ಸ್ವಭಾವದ ಅನಿಲ. ಒತ್ತಡ ಹೆಚ್ಚಾದರೆ ಗಾಳಿಯಾಗಲಿ ಆಮ್ಲಜನಕವಾಗಲಿ ಇಲ್ಲದೆಯೇ ಇಂಗಾಲ ಮತ್ತು ಜಲಜನಕಗಳಾಗಿ ಒಡೆದು ಸ್ಫೋಟಿಸಬಲ್ಲದು. ಆದಕಾರಣ ಇದರ ಸಿಲಿಂಡರು ಟೊಳ್ಳಾಗಿರುವುದಿಲ್ಲ. ಅದರೊಳಗೆ ಸೂಕ್ಷ್ಮ ರಂಧ್ರಗಳುಳ್ಳ ಪದಾರ್ಥವನ್ನು ತುಂಬಿ, ಅಸಿಟೋನ್ ಎಂಬ ದ್ರವವನ್ನು ಹೀರಿಸಿ, ಆ ದ್ರವದಲ್ಲಿ ಅನಿಲವನ್ನು ಕರಗಿಸಿರುತ್ತಾರೆ. ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಸ್ವೀಡನ್ನಿನ ಗುಸ್ತಾಫ್ ದಾಲೆನ್ ಪ್ರಸಿದ್ಧನು. ಅಸಿಟಿಲೀನಿನಿಂದ ಉರಿಯುವ ದೀಪಸ್ತಂಭಗಳಿಗೆ ಸ್ವಯಂಚಾಲಿತ ನಿಯಂತ್ರಕಗಳನ್ನು ರಚಿಸಿದುದಕ್ಕಾಗಿ 1912ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಅವನಿಗೆ ದೊರೆಯಿತು. ಅದೇ ವರ್ಷ ಅಸಿಟಿಲೀನಿನ ಪ್ರಯೋಗವೊಂದರಲ್ಲಿ ಸ್ಫೋಟ ಸಂಭವಿಸಿ ಅವನು ಎರಡೂ ಕಣ್ಣುಗಳನ್ನು ಕಳೆದುಕೊಂಡನು.

ಬೆಟ್ಟದ ಇಳಿಜಾರಿನಲ್ಲಿ ಈ ಗುಣಗಳೆಲ್ಲ ವ್ಯವಹಾರಕ್ಕೆ ಬರುತ್ತವೆ. ಅಸಿಟಿಲೀನ್ ಸಿಲಿಂಡರನ್ನು ಅಡ್ಡ ಮಲಗಿಸಿ ಬಳಸಿದರೆ ಅನಿಲದೊಡನೆ ಅಸಿಟೋನೂ ಹೊರಬರುತ್ತದೆ. ನೆಲ ಎಷ್ಟೇ ಓರೆಯಾಗಿರಲಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಬೇಕು. ಒಂದು ಗಂಟೆಯಲ್ಲಿ ಸಿಲಿಂಡರಿನ ಏಳನೆಯ ಒಂದು ಭಾಗಕ್ಕಿಂತ ಹೆಚ್ಚು ಅನಿಲವನ್ನು ಸೆಳೆಯಬಾರದೆಂಬ ಹಳೆಯ ರೂಢಿಯಿದೆ; ಕೊಡಗಿನ ಚಳಿಯಲ್ಲಿ ಅಷ್ಟೂ ಹೆಚ್ಚಾದೀತು, ಏಕೆಂದರೆ ದ್ರವ ತಣ್ಣಗಾದಷ್ಟೂ ಅನಿಲವನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ. ದ್ರವೀಕೃತ ಪೆಟ್ರೋಲಿಯಂ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಾಲು ಭಾರ. ಸೋರಿದರೆ ಅದು ಮೇಲೇರಿ ಚೆದರುವುದಿಲ್ಲ. ನೀರಿನಂತೆ ಇಳಿಜಾರನ್ನು ಹಿಡಿದು ಯಂತ್ರ ತೋಡಿದ ಗುಂಡಿಯಲ್ಲೋ ಚರಂಡಿಯಲ್ಲೋ ತಂಗಿ ಕಿಡಿಗಾಗಿ ಕಾದಿರುತ್ತದೆ. ಆದುದರಿಂದ ಸಿಲಿಂಡರನ್ನು ಕೆಲಸದ ಜಾಗಕ್ಕಿಂತ ಮೇಲೆ ಇಡುವ ಮುನ್ನ ಎರಡು ಬಾರಿ ಯೋಚಿಸಬೇಕು.

ಮಳೆಯ ಮಾತೇನು? ಆಮ್ಲಜನಕವನ್ನು ಜ್ವಾಲೆ ತನ್ನೊಡನೆಯೇ ತರುವುದರಿಂದ ಹನಿಗೆ ಅದು ಆರುವುದಿಲ್ಲ. ವಿಶೇಷ ಕಟರುಗಳಿಂದ ನೀರಿನಡಿಯಲ್ಲೂ ಉಕ್ಕನ್ನು ಕೊಯ್ಯುವುದುಂಟು. ಆದರೆ ಒಂದು ಕಿಲೋಗ್ರಾಂ ನೀರನ್ನು ಕಾಯಿಸಿ ಆವಿ ಮಾಡುವ ಶಾಖದಲ್ಲಿ ಎರಡು ಕಿಲೋಗ್ರಾಂ ಕಬ್ಬಿಣವನ್ನೇ ಕರಗಿಸಬಹುದು. ಉಕ್ಕಿನ ಮೇಲೆ ಹರಿಯುವ ನೀರು ಶಾಖದ ಕಳ್ಳ. ಮೇಲೊಂದು ಟಾರ್ಪಾಲು ಕಟ್ಟುವುದೇ ಲೇಸು.

ಸಿಕ್ಕಿಬಿದ್ದ ಪಿನ್ನು

ಈಗ ನಮ್ಮ ಯಂತ್ರದ ಬಳಿಗೆ ಬರೋಣ. ಬಕೆಟ್ಟನ್ನು ತೋಳಿಗೆ ಸೇರಿಸುವ ಪಿನ್ನು ಕೆಸರೂ ತುಕ್ಕೂ ಸೇರಿ ತನ್ನ ತೂತಿನಲ್ಲಿ ಹಿಡಿದುಕೊಂಡು, ಬಾಗಿ, ಸುತ್ತಿಗೆಯ ಏಟಿಗೂ ಜಗ್ಗದಾಗಿದೆ. ಅದನ್ನು ತೆಗೆಯದೆ ಯಂತ್ರ ಏಳದು.

ಕೊಯ್ಯುವುದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಮೊದಲನೆಯದು ಹಿಗ್ಗಿಸುವುದು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವ ವಿದ್ಯೆ ನಮ್ಮ ಹಳ್ಳಿಗಳಿಗೆ ಹಳೆಯದು. ಇಲ್ಲಿಯೂ ಅದೇ ತತ್ತ್ವ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 70 ಮಿಲಿಮೀಟರ್ ವ್ಯಾಸದ ತೂತಿನ ಸುತ್ತಣ ಉಕ್ಕನ್ನು 300 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ತೂತು ಕಾಲು ಮಿಲಿಮೀಟರ್ ಅಗಲವಾಗುತ್ತದೆ. ಶಾಖ ಪಿನ್ನಿನೊಳಕ್ಕೆ ಹರಡುವ ಮುನ್ನವೇ ಅದನ್ನು ಬಡಿದು ಹೊರಡಿಸಬೇಕು. ತಡವಾದರೆ ಪಿನ್ನೂ ಹಿಗ್ಗಿ ಪ್ರಯತ್ನ ವ್ಯರ್ಥವಾಗುತ್ತದೆ.

ಅದೂ ಫಲಿಸದಿದ್ದರೆ ಪಿನ್ನಿನ ನಡುವೆ ಉದ್ದಕ್ಕೂ ಜ್ವಾಲೆಯಿಂದ ತೂತು ಕೊರೆಯುತ್ತಾರೆ. ಆಗ ನಡೆಯುವುದು ಸ್ವಾರಸ್ಯಕರವಾದ ಭೌತಕ್ರಿಯೆ. ಕಾದು ಮೆತ್ತಗಾದ ಪಿನ್ನು ಹೊರಕ್ಕೆ ಹಿಗ್ಗಲು ನೋಡುತ್ತದೆ; ಸುತ್ತಣ ತಣ್ಣನೆಯ ಉಕ್ಕು ಅದಕ್ಕೆ ಎಡೆಗೊಡದು. ಹಿಗ್ಗಲಾರದ ಪಿನ್ನು ಒಳಗೊಳಗೇ ಅದುಮಿಕೊಳ್ಳುತ್ತದೆ. ತಣಿದಾಗ ಅದು ಮೊದಲಿನ ಅಳತೆಗಿಂತಲೂ ಸಣ್ಣದಾಗಿ ಕುಗ್ಗಿ ತೂತಿನಿಂದ ಬಿಡಿಸಿಕೊಳ್ಳುತ್ತದೆ.

ನುರಿತ ಕೆಲಸಗಾರನು ತುಕ್ಕು ಹಿಡಿದ ಬೋಲ್ಟನ್ನು, ಅದರ ತೂತಿನ ಮರೆಗಳಿಗೆ ಗಾಯವಾಗದಂತೆ, ಉರಿಸಿ ತೆಗೆಯುವುದನ್ನು ನೋಡಿದವರಿಗೆ ಅದು ಕೈಚಳಕವೆನಿಸುತ್ತದೆ. ಕೈಚಳಕ ನಿಜ, ಜೊತೆಗೆ ವಿಜ್ಞಾನವೂ ಇದೆ. ಬೋಲ್ಟಿಗೂ ತೂತಿಗೂ ನಡುವೆ ತುಕ್ಕಿನ ತೆಳುಪೊರೆಯೊಂದಿರುತ್ತದೆ. ತುಕ್ಕು ಈಗಾಗಲೇ ಉರಿದುಹೋದ ಕಬ್ಬಿಣ. ಅದು ಮತ್ತೆ ಉರಿಯದು. ಶಾಖವನ್ನೂ ಚೆನ್ನಾಗಿ ಸಾಗಿಸದು. ಒಳಗಿನ ಬೋಲ್ಟು ಹೊತ್ತಿ ಉರಿಯುವಾಗ ಹೊರಗಿನ ಉಕ್ಕು ಹೊತ್ತುವ ಉಷ್ಣತೆಯನ್ನು ಮುಟ್ಟಿರುವುದಿಲ್ಲ. ಬೋಲ್ಟನ್ನು ಸೆರೆಹಿಡಿದ ತುಕ್ಕೇ ತೂತನ್ನು ಕಾಪಾಡುತ್ತದೆ.

ಜ್ವಾಲೆ ತೋರಿಸಬಾರದ ಎಡೆಗಳು

ಭಾರಿ ಯಂತ್ರ ನಿಂತಿದ್ದರೂ ಅದರೊಳಗೆ ಶಕ್ತಿ ಅಡಗಿರುತ್ತದೆ. ಮೇಲೆತ್ತಿದ ತೋಳಿನಲ್ಲಿ ಭಾರದ ಶಕ್ತಿ, ಎಣ್ಣೆಯ ಕೊಳವೆಗಳಲ್ಲಿ ಒತ್ತಡದ ಶಕ್ತಿ, ಚೈನನ್ನು ಬಿಗಿಯಾಗಿಡುವ ದಪ್ಪ ಸ್ಪ್ರಿಂಗಿನಲ್ಲಿ ಅದುಮಿದ ಶಕ್ತಿ. ಪಿನ್ನು ಕೊಯ್ದೊಡನೆ ಇವು ಬಿಡುಗಡೆಯಾಗದಂತೆ ಮೊದಲೇ ಬಕೆಟ್ಟನ್ನು ನೆಲಕ್ಕೂರಿ, ತೋಳಿಗೆ ಆಸರೆ ಕೊಟ್ಟು, ಒತ್ತಡವನ್ನಿಳಿಸಬೇಕು. ಸ್ಪ್ರಿಂಗಿನ ಜೋಡಣೆಯನ್ನಂತೂ ಕೊಯ್ಯಲೇಬಾರದು.

ಎರಡೂ ಕಡೆ ಮುಚ್ಚಿದ ಟೊಳ್ಳುಗಳು ಇನ್ನೊಂದು ಅಪಾಯ. ಪಿನ್ನಿನ ಹಿಂದೆ ಗ್ರೀಸು ತುಂಬಿದ ಕುಳಿಯಿದ್ದರೆ, ಕಾದಾಗ ಅದರ ಆವಿಗೆ ಹೊರಬರಲು ದಾರಿಯಿಲ್ಲದೆ ಪಿನ್ನನ್ನೇ ಗುಂಡಿನಂತೆ ಹಾರಿಸಬಹುದು. ಖಾಲಿಯಾದ ಡೀಸೆಲ್ ಪೀಪಾಯಿ ತುಂಬಿದುದಕ್ಕಿಂತ ಅಪಾಯಕರ. ಒಳಗೆ ಗಾಳಿಯೊಡನೆ ಬೆರೆತ ಆವಿಯಿರುತ್ತದೆ.

ಟೈರಿನ ಯಂತ್ರಗಳಲ್ಲಿ ತುಕ್ಕು ಹಿಡಿದ ಚಕ್ರದ ನಟ್ಟುಗಳನ್ನು ಕಾಯಿಸುವುದು ಎಲ್ಲಕ್ಕಿಂತ ಮೋಸದ ಕೆಲಸ. ಕಾದ ರಿಮ್ಮಿನ ಶಾಖಕ್ಕೆ ಟೈರಿನ ಒಳಗಣ ರಬ್ಬರು ಒಡೆದು ಹೊತ್ತಿಕೊಳ್ಳುವ ಅನಿಲಗಳಾಗುತ್ತವೆ. ಒಳಗಿರುವ ಗಾಳಿಯೊಡನೆ ಅವು ಬೆರೆತು ಟೈರು ಸಿಡಿಯುತ್ತದೆ. ಜ್ವಾಲೆಯನ್ನು ಆರಿಸಿದ ಬಹಳ ಹೊತ್ತಿನ ಮೇಲೂ ಇದು ಸಂಭವಿಸಬಹುದು. ಗಾಳಿ ಬಿಟ್ಟರೆ ಮಾತ್ರ ಸಾಲದು. ಟೈರನ್ನೇ ರಿಮ್ಮಿನಿಂದ ಬಿಡಿಸಿರಬೇಕು.

ಕಿಡಿಗಳನ್ನೂ ಮರೆಯುವಂತಿಲ್ಲ. ಕೊಯ್ಯುವ ಜಾಗದಿಂದ ಸುಮಾರು 11 ಮೀಟರ್ ದೂರದೊಳಗೆ ಹೊತ್ತುವ ಪದಾರ್ಥವಿರಬಾರದೆಂಬುದು ಅಂಗೀಕೃತ ನಿಯಮ. ಇಳಿಜಾರಿನಲ್ಲಿ ಉರುಳುವ ಗುಳಿಗೆಗಳಿಗೆ ಈ ದೂರವೂ ಕಡಮೆಯೇ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಕಾಫಿ ತೋಟದ ನೆರಳು ಮರಗಳ ಒಣಗಿದೆಲೆ ನೆಲವನ್ನು ಮುಚ್ಚಿರುವಾಗ, ಒಂದು ಬಿಂದಿಗೆ ನೀರೂ ಅದನ್ನು ಹಿಡಿದು ಕಾಯುವ ಒಬ್ಬ ಮನುಷ್ಯನೂ ಸಿಲಿಂಡರಿನಷ್ಟೇ ಅವಶ್ಯಕ.

ಕೊಯ್ದ ಮೇಲೆ

ಕೊಯ್ತ ಮುಗಿದಾಗ ದುರಸ್ತಿಯ ಅರ್ಧ ಮಾತ್ರ ಆದಂತೆ. ಕೊಡಗಿನ ಕಮ್ಮಾರನು ಒಡಿಕತ್ತಿಯ ಅಲಗನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಗಡಸು ಮಾಡುವುದನ್ನು ನೆನೆಯಿರಿ. ಜ್ವಾಲೆ ಕೊಯ್ದ ಅಂಚಿಗೂ ಇದೇ ಗತಿ. ಅಂಚಿನ ಪಕ್ಕದ ಉಕ್ಕು 727 ಡಿಗ್ರಿಯನ್ನು ದಾಟಿ ಒಳರಚನೆಯನ್ನು ಬದಲಿಸಿರುತ್ತದೆ. ಜ್ವಾಲೆ ಮುಂದೆ ಸಾಗಿದೊಡನೆ ಹಿಂದಿನ ತಣ್ಣನೆಯ ಉಕ್ಕಿನ ರಾಶಿ ಆ ಶಾಖವನ್ನು ಹೀರಿ, ಅಂಚನ್ನು ನೀರಿಗದ್ದಿದಂತೆ ತಣಿಸುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿನಲ್ಲಿ ಆಗ ‘ಮಾರ್ಟೆನ್ಸೈಟ್’ ಎಂಬ ಗಡಸಾದ, ಆದರೆ ಬಿರುಸಾದ ರಚನೆ ಹುಟ್ಟುತ್ತದೆ. ಕತ್ತಿಯ ಅಲಗಿಗೆ ಈ ಗಡಸು ಬೇಕು. ಅಲ್ಲಿಯೂ ಕಮ್ಮಾರನು ಮತ್ತೆ ತುಸು ಕಾಯಿಸಿ ಅದರ ಬಿರುಸನ್ನು ತಗ್ಗಿಸುತ್ತಾನೆ. ಏಟನ್ನು ತಡೆಯಬೇಕಾದ ಯಂತ್ರದ ತೋಳಿಗೆ ಅದು ಬೇಡವೇ ಬೇಡ. ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಬಕೆಟ್ಟಿನ ಸಾಮಾನ್ಯ ಹಲಗೆಯಲ್ಲಿ ಈ ದೋಷ ಅಲ್ಪ. ಬಕೆಟ್ಟಿನ ಹಲ್ಲು, ಅಂಚು ಮುಂತಾದ ಮಿಶ್ರಲೋಹದ ಭಾಗಗಳಲ್ಲಿ ಹೆಚ್ಚು. ಇದಕ್ಕೆ ಪರಿಹಾರವೂ ಶಾಖದಲ್ಲೇ ಇದೆ. ಕೊಯ್ಯುವ ಮೊದಲು ಸುತ್ತಣ ಉಕ್ಕನ್ನು ಬೆಚ್ಚಗೆ ಮಾಡಬೇಕು. ಕೊಯ್ದ ಮೇಲೆ ಒಣ ಬೂದಿಯನ್ನೋ ಮರಳನ್ನೋ ಮುಚ್ಚಿ ನಿಧಾನವಾಗಿ ತಣಿಯಲು ಬಿಡಬೇಕು. ಬೆಸುಗೆ ಹಾಕುವ ಮುನ್ನ ಗಡಸು ಅಂಚನ್ನು ಉಜ್ಜಿ ತೆಗೆಯಬೇಕು. ಬೇಗ ತಣಿಯಲೆಂದು ಬಿಸಿ ಉಕ್ಕಿನ ಮೇಲೆ ನೀರೆರಚುವುದು ಬಿರುಕಿಗೆ ಕೊಟ್ಟ ಕರೆ.

ಹೀಗೆ ಬೆಟ್ಟದ ಮಗ್ಗುಲಲ್ಲಿ ಕೈಗೊಳ್ಳುವ ದುರಸ್ತಿಯಲ್ಲಿ ಕೆಲಸಗಾರನು ಎರಡು ಬಗೆಯ ನಿರ್ಧಾರಗಳನ್ನು ಮಾಡಬೇಕಾಗುತ್ತದೆ. ಸವೆದ ಬಕೆಟ್ಟಿಗೆ ತೇಪೆ ಹಾಕಿ ಅಂದಿನ ಕೆಲಸವನ್ನು ಮುಗಿಸಬಹುದು. ಆ ತೇಪೆ ಸೋತರೆ ನಷ್ಟವಾಗುವುದು ಒಂದಷ್ಟು ಮಣ್ಣು. ಭಾರವನ್ನು ಹೊರುವ ತೋಳಿನಲ್ಲಿ ಅವಸರದ ಕೊಯ್ತವನ್ನೂ ಬೆಸುಗೆಯನ್ನೂ ಮಾಡಿ ಅದೇ ಯಂತ್ರವನ್ನು ಜರಿಯುವ ಗುಡ್ಡದ ಕೆಳಗೆ, ಜನರ ನಡುವೆ ದುಡಿಸಿದರೆ, ಸೋಲು ಪ್ರಾಣದ ಮೇಲೆ ಬರುತ್ತದೆ. ದಾರಿ ಬೇಗ ತೆರೆಯಬೇಕೆಂಬ ಒತ್ತಾಯ ಎಷ್ಟೇ ಇದ್ದರೂ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ.

ಮುಂದೆ ಎಲ್ಲಿಯಾದರೂ ಗ್ಯಾಸ್ ಕಟರಿನ ಕೆಲಸ ನಡೆಯುತ್ತಿದ್ದರೆ, ಜ್ವಾಲೆಯನ್ನು ಬರಿಗಣ್ಣಿನಿಂದ ದಿಟ್ಟಿಸದೆ ದೂರದಿಂದ ಗಮನಿಸಿರಿ. ಕೆಲಸಗಾರನು ಸನ್ನೆಯನ್ನೊತ್ತುವ ಮೊದಲು ಉಕ್ಕಿನ ಬಣ್ಣಕ್ಕಾಗಿ ಕಾಯುವುದು ಕಾಣುತ್ತದೆ. ಅವನ ಕಣ್ಣು ಆಗ ಉಷ್ಣತಾಮಾಪಕದ ಕೆಲಸವನ್ನು ಮಾಡುತ್ತಿರುತ್ತದೆ. ಕೊಯ್ತ ಮುಗಿದು ಎಲ್ಲ ತಣಿದ ಮೇಲೆ, ಕೆಳಗೆ ಬಿದ್ದ ಕರಿಯ ಕಿಟ್ಟದ ಒಂದು ಚೂರನ್ನು ಕೈಗೆತ್ತಿಕೊಂಡು ನೋಡಿರಿ. ಅದು ಕರಗಿ ಹೆಪ್ಪುಗಟ್ಟಿದ ಉಕ್ಕಲ್ಲ. ಬಹುಪಾಲು ಉರಿದುಹೋದ ಉಕ್ಕು, ಅದರ ಬೂದಿ.